ಎತ್ತಿನ ಜೊತೆ ಹೇಳಿ ಕಳಿಸುವ ಮಾತುಗಳು

ನಮ್ಮ ಕಡೆ ಎತ್ತು ಮಾರಿದವನು ಕೊಂಡವನಿಗೆ ಎರಡು ಮಾತು ಹೇಳಿ ಕಳಿಸಬೇಕು. ‘ಎಡಗಡೆದು, ಬಲಕ್ಕೆ ಹೂಡಬೇಡ. ಹಳ್ಳ ಕಂಡರೆ ನಿಲ್ಲುತ್ತೆ, ಹೊಡೀಬೇಡ, ನೀರು ಕುಡಿದು ತಾನೇ ನಡೆಯುತ್ತೆ. ಗುಡುಗಿಗೆ ಹೆದರಲ್ಲ, ಪಟಾಕಿಗೆ ಹೆದರುತ್ತೆ.’ ಇಷ್ಟೂ ಹೇಳದೆ ದುಡ್ಡು ಎಣಿಸಿಕೊಂಡು ಹೊರಟವನನ್ನು ಊರಲ್ಲಿ ಯಾರೂ ಮನುಷ್ಯ ಅಂತ ಲೆಕ್ಕಕ್ಕಿಡುವುದಿಲ್ಲ. ಹೇಳಿದ ಮೇಲೆ ಹಳೇ ಹಗ್ಗ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಮನೆಗೆ ಬರುತ್ತಾನೆ. ಎತ್ತಿನ ಜೊತೆ ಹಗ್ಗ ಕೊಡುವ ಪದ್ಧತಿ ಇಲ್ಲ, ಕೊಂಡವನೇ ಹೊಸದು ತರಬೇಕು.

2025ರ ನವೆಂಬರ್‌ನಲ್ಲಿ ಯುನೈಟೆಡ್ ಸ್ಪಿರಿಟ್ಸ್ ಅನ್ನುವ ಮದ್ಯದ ಕಂಪನಿ ಷೇರುಪೇಟೆಗೆ ಒಂದು ಕಾಗದ ಬರೆಯಿತು. ಐಪಿಎಲ್ ಕ್ರಿಕೆಟ್ಟಿನ ರಾಯಲ್ ಚಾಲೆಂಜರ್ಸ್ (ಆರ್‌ಸಿಬಿ) ತಂಡದಲ್ಲಿ ಹಾಕಿರುವ ಬಂಡವಾಳದ ಬಗ್ಗೆ ‘ಕಾರ್ಯತಂತ್ರದ ಪರಿಶೀಲನೆ’ ನಡೆಸುತ್ತೇವೆ, 2026ರ ಮಾರ್ಚ್ 31ರೊಳಗೆ ಮುಗಿಸುವ ಅಂದಾಜಿದೆ ಅಂತ. ದನದ ಜಾತ್ರೆಯಲ್ಲಿ ದಲ್ಲಾಳಿ ಟವೆಲು ಹೊದಿಸಿ ಅದರಡಿಯಲ್ಲಿ ಬೆರಳು ಹಿಡಿದು ರೇಟು ಮಾತಾಡುವುದನ್ನು ಕಂಡು ಬೆಳೆದ ನಮಗೆ ಆ ಕಾಗದ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಎತ್ತು ಜಾತ್ರೆಗೆ ಬಂದಿತ್ತು.

ಎತ್ತು ಅಂದರೆ ತಂಡ ಅಂದುಕೊಂಡೀರಿ. ತಂಡ ಗಾಡಿ. ಆಟಗಾರರು ಗಾಡಿಯಲ್ಲಿ ಬರುವ ಸರಕು. ಹರಾಜು ಬಂದಾಗ ಇಳಿಸಿ ಬೇರೆ ತುಂಬುತ್ತಾರೆ. ಎಳೆಯುವವನು ಅಭಿಮಾನಿ. ಅವನನ್ನು ಬಿಟ್ಟು ಗಾಡಿ ಮಾರಿದರೆ ಹುಟ್ಟುವುದು ಮರದ ರೇಟು, ಕಬ್ಬಿಣದ ರೇಟು, ಅಷ್ಟೇ. ಮಾರುವವರು ಕೊಳ್ಳುವವರಿಗೆ ಲೆಕ್ಕದ ಪುಸ್ತಕ ತೋರಿಸಿಯಾರು, ಆ ಎರಡು ಮಾತು ಹೇಳಿಯಾರು ಅನ್ನುವ ನಂಬಿಕೆ ನನಗಿಲ್ಲ. ಹಾಗಾಗಿ ಎತ್ತೇ ಕೂತು ಬರೆಯುತ್ತಿದೆ. ಊರು ಬುಕ್ಕಾಂಬುಧಿ, ಅಜ್ಜಂಪುರ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಇನ್ನೂರು ಚಿಲ್ಲರೆ ಕಿಲೋಮೀಟರು. ಕೊಳ್ಳುವವರು ಯಾರೇ ಆಗಿರಲಿ, ಹೂಡುವ ಮುಂಚೆ ಒಮ್ಮೆ ಓದಿ.

ತಳಿ

ಈ ತಳಿ ಎಂಥದ್ದು ಅಂತ ತಿಳಿಯಬೇಕಾದರೆ ಮೊದಲು ಅಜ್ಜಂಪುರಕ್ಕೆ ಬನ್ನಿ, ಬೀರೂರು ಜಂಕ್ಷನ್ ದಾಟಿದರೆ ಸಿಗುತ್ತೆ. ಅಲ್ಲಿ ಅಮೃತ್ ಮಹಲ್ ದನಗಳ ತಳಿ ಸಂವರ್ಧನಾ ಕೇಂದ್ರ ಇದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಈ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಅಂತ ಹೆಸರು. ಟಿಪ್ಪು ಬಂದು ಅಮೃತ್ ಮಹಲ್ ಅಂದ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ದನಗಳು ಬ್ರಿಟಿಷರ ಕೈಗೆ ಹೋದವು, ಆಮೇಲೆ ಮೈಸೂರು ಸರ್ಕಾರಕ್ಕೆ, ಈಗ ಪಶುಸಂಗೋಪನಾ ಇಲಾಖೆಗೆ. ಟಿಪ್ಪುವಿನ ಫಿರಂಗಿ ಎಳೆದವು, ಟಿಪ್ಪುವನ್ನು ಕೊಂದವರ ಫಿರಂಗಿಯನ್ನೂ ಎಳೆದವು. ಹೆಸರು ಬದಲಾಯಿಸುವಾಗಲಾಗಲಿ ಕೈ ಬದಲಾಯಿಸುವಾಗಲಾಗಲಿ ಅವನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಆರ್‌ಸಿಬಿ ಅಭಿಮಾನಿಯದೂ ಇದೇ ತಳಿ. 2008ರಲ್ಲಿ ವಿಜಯ್ ಮಲ್ಯ ಅವರು 11.16 ಕೋಟಿ ಡಾಲರಿಗೆ ತಂಡ ಕೊಂಡರು. ತಮ್ಮ ವಿಸ್ಕಿಯ ಹೆಸರನ್ನೇ ತಂಡಕ್ಕೂ ಇಟ್ಟರು. ಜೀವಮಾನದಲ್ಲಿ ಒಂದು ಹನಿ ಮುಟ್ಟದ ನಮ್ಮಪ್ಪ ಬಾಟಲಿಯ ಹೆಸರಿನ ತಂಡ ಗೆಲ್ಲಲಿ ಅಂತ ದೇವರಿಗೆ ಕಾಯಿ ಒಡೆಸಿದ. ಮುಂದೆ ಮಲ್ಯರ ಕಂಪನಿ ಯುನೈಟೆಡ್ ಸ್ಪಿರಿಟ್ಸ್ ಲಂಡನ್ನಿನ ಡಿಯಾಜಿಯೋ ಕೈಗೆ ಹೋಯಿತು. 2016ರ ಮಾರ್ಚ್‌ನಲ್ಲಿ ಮಲ್ಯ ಅವರು ದೇಶ ಬಿಟ್ಟರು. ಎತ್ತು ಕಟ್ಟಿದ ಗೂಟದಲ್ಲೇ ಇತ್ತು. ಆ ಏಪ್ರಿಲ್‌ನಲ್ಲೂ ಎದ್ದು ಗಾಡಿಗೆ ಹೆಗಲು ಕೊಟ್ಟಿತು. ಮಾಲೀಕ ಯಾರು ಅಂತ ಕೇಳಿದರೆ ನಮ್ಮೂರಿನ ಅರ್ಧ ಜನ ಇವತ್ತಿಗೂ ಮಲ್ಯ ಅಂತಲೇ ಹೇಳುತ್ತಾರೆ. ನಿಮ್ಮ ಹೆಸರು ನೆನಪಿಟ್ಟುಕೊಳ್ಳಲಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ.

ಹಲ್ಲು, ಸುಳಿ

ಬಾಯಿ ಬಿಡಿಸಿ ಹಲ್ಲು ನೋಡಿ. ಬಾಯಿ ತೆರೆದ ಕೂಡಲೇ ‘ಈ ಸಲ ಕಪ್ ನಮ್ದೇ’ ಅನ್ನುತ್ತದೆ. ಗಾಬರಿ ಬೇಡ, ರೋಗವಲ್ಲ.

ನಿಮ್ಮ ಮಾರ್ಕೆಟಿಂಗ್ ಇಲಾಖೆಯವರು ಇದನ್ನು ಘೋಷಣೆ ಅಂದುಕೊಂಡು ಅಂಗಿಯ ಮೇಲೆ, ಲೋಟದ ಮೇಲೆ ಅಚ್ಚು ಹಾಕಿಸುವ ಯೋಚನೆ ಮಾಡಿಯಾರು. ಅವರಿಗೆ ಒಂದು ವಿಷಯ ತಿಳಿಸಿ. ‘ಈ ಸಲ’ ಅನ್ನುವುದು ಕ್ರಿಕೆಟ್ಟಿಗಿಂತ ಹಳೇ ಮಾತು. ಬ್ಯಾಟು ಹಿಡಿಯುವುದು ಹೇಗೆ ಅಂತ ಗೊತ್ತಿಲ್ಲದ ನಮ್ಮ ತಾತ ಬದುಕಿಡೀ ಇದನ್ನೇ ಮಾತಾಡಿದ್ದು. ಈ ಸಲ ಮುಂಗಾರು ಕೈ ಹಿಡಿಯುತ್ತೆ. ಈ ಸಲ ಈರುಳ್ಳಿಗೆ ರೇಟು ಬರುತ್ತೆ. ಈ ಸಲ ಕೆರೆ ಕೋಡಿ ಬೀಳುತ್ತೆ. ನಮ್ಮೂರ ಹೆಸರನ್ನೇ ನೋಡಿ. ಇರುವುದು ಒಂದು ಕೆರೆ, ಹೆಸರು ಅಂಬುಧಿ, ಅಂದರೆ ಸಮುದ್ರ. ಮಳೆ ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಅನ್ನುವ ನೆಲದಲ್ಲಿ ಕೂತು ಕೆರೆಯನ್ನು ಸಮುದ್ರ ಅಂತ ಕರೆಯುವವರ ಮೊಮ್ಮಕ್ಕಳು ನಾವು. ಹದಿನೆಂಟು ವರ್ಷ ಒಂದು ಕಪ್ಪಿಗೆ ಕಾಯುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈ ಮಾತನ್ನು ಹೊರಗಿನವರ ಬಾಯಿಗೆ ಕೊಡುವಾಗ ಹುಷಾರು. 2023ರಲ್ಲಿ ನಾಯಕ ಫಾಫ್ ಡುಪ್ಲೆಸಿ ಅವರು ಹೇಳಿಕೊಟ್ಟಿದ್ದನ್ನು ಒಪ್ಪಿಸುವಾಗ ನಾಲಿಗೆ ತಪ್ಪಿ ‘ಈ ಸಲ ಕಪ್ ನಹೀ’ ಅಂದುಬಿಟ್ಟರು. ಜನ ನಕ್ಕರು. ಆ ವರ್ಷ ತಂಡ ಪ್ಲೇಆಫ್‌ಗೂ ಹೋಗಲಿಲ್ಲ. ನಮ್ಮೂರ ಜೋಯಿಸರು ಕೂಡ ಅಷ್ಟು ಕರಾರುವಾಕ್ಕಾಗಿ ಹೇಳಿದ್ದಿಲ್ಲ.

ಸುಳಿ ನೋಡುವವರಿಗೆ: ಬೆನ್ನ ಮೇಲೆ 18 ಅನ್ನುವ ಸುಳಿ ಇದೆ. ಅದು ವಿರಾಟ್ ಕೊಹ್ಲಿ ಅವರ ಅಂಗಿಯ ಸಂಖ್ಯೆ. ದೆಹಲಿಯ ಹುಡುಗ, 2008ರಲ್ಲಿ ಬಂದವರು ಬೇರೆ ಕೊಟ್ಟಿಗೆಗೆ ಹೋಗಲೇ ಇಲ್ಲ. ನಾಯಕರು ಬಂದು ಹೋದರು: ದ್ರಾವಿಡ್, ಪೀಟರ್ಸನ್, ಕುಂಬ್ಳೆ, ವೆಟ್ಟೋರಿ, ಡುಪ್ಲೆಸಿ, ಈಗ ರಜತ್ ಪಾಟೀದಾರ್. ಮಾಲೀಕರೂ ಬದಲಾದರು. ಮೊದಲ ದಿನದಿಂದ ಜಾಗ ಬಿಡದವರು ಇಬ್ಬರೇ, ಅವರು ಮತ್ತು ನಾವು. ಅವರಿಗೆ ಸಂಬಳ ಇದೆ ಅನ್ನುವ ವ್ಯತ್ಯಾಸವನ್ನು ನಾವು ಎತ್ತಿ ಆಡುವುದಿಲ್ಲ.

ಹೊರೆ

ಹೊರೆಯ ಪರೀಕ್ಷೆ ಮೊದಲ ದಿನವೇ ಆಗಿದೆ. 2008ರ ಏಪ್ರಿಲ್ 18, ಐಪಿಎಲ್‌ನ ಮೊಟ್ಟಮೊದಲ ಪಂದ್ಯ, ಚಿನ್ನಸ್ವಾಮಿಯಲ್ಲೇ. ಕೋಲ್ಕತ್ತದ ಬ್ರೆಂಡನ್ ಮೆಕಲಮ್ ಒಬ್ಬರೇ 73 ಎಸೆತಕ್ಕೆ ಅಜೇಯ 158 ಹೊಡೆದರು. ನಮ್ಮ ಹನ್ನೊಂದು ಮಂದಿ ಸೇರಿ 82. ಅದರಲ್ಲೂ ಎದುರಾಳಿಗಳು ವೈಡು ಗೀಡು ಹಾಕಿ ದಾನ ಕೊಟ್ಟ ಇತರೆ ರನ್ನೇ 19. ನಮ್ಮ ಯಾವ ಬ್ಯಾಟರೂ ಅಷ್ಟು ಮುಟ್ಟಲಿಲ್ಲ. ಹೊಸ ಎತ್ತಿನ ಮೇಲೆ ಮೊದಲ ದಿನವೇ ಇಷ್ಟು ಹೇರಿದರೆ ಮಾರನೇ ದಿನ ಏಳುವುದಿಲ್ಲ. ಇದು ಎದ್ದಿತು.

2009ರ ಫೈನಲ್, ಜೋಹಾನ್ಸ್‌ಬರ್ಗ್, ಡೆಕ್ಕನ್ ಚಾರ್ಜರ್ಸ್ ಎದುರು 6 ರನ್ನಿನಿಂದ ಸೋಲು. 2011ರದು ಚೆನ್ನೈನಲ್ಲಿ, 58 ರನ್. ಅದನ್ನು ಬೇಗ ಮರೆತೆವು, ದೊಡ್ಡ ಸೋಲು ಅಷ್ಟು ನೋಯುವುದಿಲ್ಲ.

2016ರದು ಬೇರೆ. ಕೊಹ್ಲಿ ಅವರು 973 ರನ್ ಹೊಡೆದ ವರ್ಷ. ಮೇ 29, ಫೈನಲ್ ನಮ್ಮದೇ ಚಿನ್ನಸ್ವಾಮಿಯಲ್ಲಿ, ಹೈದರಾಬಾದಿನ 208ರ ಎದುರು ವಿಕೆಟ್ ಬೀಳದೆ 114. ಆಗ ನಮ್ಮ ಕಡೆ ಮೂರು ಫೇಸ್ ಕರೆಂಟು ರಾತ್ರಿ ಹೊತ್ತು ಕೊಡುತ್ತಿದ್ದರು. ತೋಟಕ್ಕೆ ನೀರು ಬಿಡುವುದೂ ಫೈನಲ್ಲೂ ಒಂದೇ ಹೊತ್ತಿಗೆ ಬಿದ್ದವು. ಇನ್ನೇನು ಆಯ್ತು ಅಂತ ನಾನು ಬ್ಯಾಟರಿ ಹಿಡಿದು ಮೋಟರು ಹಾಕಲು ಹೋದೆ. ಎರಡು ಸಾಲು ಅಡಿಕೆಗೆ ನೀರು ತಿರುಗಿಸಿ ಬರುವಷ್ಟರಲ್ಲಿ ಜಗಲಿಯಲ್ಲಿದ್ದ ಹದಿನೈದು ಜನ ಸಾವಿನ ಮನೆಯಲ್ಲಿ ಕೂತ ಹಾಗೆ ಕೂತಿದ್ದರು. 8 ರನ್. ‘ನೀನು ಎದ್ದು ಹೋಗಿದ್ದಕ್ಕೇ ಹಿಂಗಾಗಿದ್ದು ಕಣಣ್ಣ’ ಅಂತ ಪಕ್ಕದ ಮನೆಯ ಹುಡುಗ ಇವತ್ತಿಗೂ ಹೇಳುತ್ತಾನೆ. ಅವನ ಮಾತು ಸುಳ್ಳು ಅಂತ ಸಾಧಿಸುವ ಧೈರ್ಯ ನನಗೂ ಇಲ್ಲ. ಆಮೇಲೆ ಯಾವ ಪಂದ್ಯದ ನಡುವೆಯೂ ನಾನು ಮೋಟರು ಹಾಕಲು ಹೋಗಿಲ್ಲ. ಆ ಸಾಲಿನ ಅಡಿಕೆ ಮರಗಳು ಸೊರಗಿರುವುದಕ್ಕೆ ಬೇರೆ ಕಾರಣ ಹುಡುಕಬೇಡಿ.

ಏಪ್ರಿಲ್ 23ರಂದು ಈ ಎತ್ತಿಗೆ ಏನಾಗುತ್ತದೋ ಹೇಳಲಾಗದು, ಆ ದಿನ ಹೂಡದಿದ್ದರೇ ವಾಸಿ. 2013ರ ಏಪ್ರಿಲ್ 23ಕ್ಕೆ ಪುಣೆ ಎದುರು 263, ಕ್ರಿಸ್ ಗೇಲ್ ಅಜೇಯ 175. 2017ರ ಏಪ್ರಿಲ್ 23ಕ್ಕೆ ಕೋಲ್ಕತ್ತದಲ್ಲಿ 49ಕ್ಕೆ ಎಲ್ಲರೂ ಔಟು. ಐಪಿಎಲ್‌ನಲ್ಲಿ ಅದಕ್ಕಿಂತ ಕಡಿಮೆ ಯಾರೂ ಹೊಡೆದಿಲ್ಲ. 2022ರ ಏಪ್ರಿಲ್ 23ಕ್ಕೆ 68.

ಇಷ್ಟಾದರೂ ಗಾಡಿ ನಿಂತದ್ದಿಲ್ಲ. 2024ರಲ್ಲಿ ಮೊದಲ ಎಂಟು ಪಂದ್ಯದಲ್ಲಿ ಏಳು ಸೋತು, ಆಮೇಲೆ ಆರು ಸತತ ಗೆದ್ದು ಪ್ಲೇಆಫ್ ಸೇರಿದಾಗ ಕಡೂರಿನಲ್ಲಿ, ತರೀಕೆರೆಯಲ್ಲಿ ಕಪ್ಪೇ ಗೆದ್ದ ಹಾಗೆ ಬೈಕು ಓಡಿಸಿದರು. ಕೊಳ್ಳುವವರಿಗೆ ಇದು ಬಹಳ ಅನುಕೂಲದ ಗುಣ. ಗೆಲ್ಲಿಸದಿದ್ದರೂ ಎಳೆಯುತ್ತದೆ ಅಂತ ಹಿಂದಿನ ಮಾಲೀಕರು ಬೇಗ ಕಂಡುಕೊಂಡರು, ನೀವೂ ಕಂಡುಕೊಳ್ಳುತ್ತೀರಿ.

ಇಲ್ಲಿ ನಮ್ಮದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಕಪ್ ನಮ್ಮದಾಗಿರಲೇ ಇಲ್ಲ ಅನ್ನುವುದು ಸುಳ್ಳು. ಕರ್ನಾಟಕ ರಣಜಿ ಟ್ರೋಫಿಯನ್ನು ಎಂಟು ಸಲ ಗೆದ್ದಿದೆ. ಮೊದಲ ಸಲ ಗೆದ್ದದ್ದು 1973–74ರಲ್ಲಿ, ಹದಿನೈದು ವರ್ಷ ಎಡೆಬಿಡದೆ ಗೆದ್ದಿದ್ದ ಬಾಂಬೆಯನ್ನು ಸೆಮಿಫೈನಲ್‌ನಲ್ಲಿ ತಡೆದು. 2013–14, 2014–15ರಲ್ಲಿ ಸಾಲಾಗಿ ಎರಡು ಸಲ. ಆಗ ಊರಲ್ಲಿ ಯಾರೂ ಪಟಾಕಿ ಹಚ್ಚಲಿಲ್ಲ, ಪೇಪರಿನ ಒಳಪುಟದಲ್ಲಿ ಓದಿ ಮಡಿಚಿಟ್ಟೆವು. ಆ ತಂಡಕ್ಕೆ ಮಾಲೀಕನೂ ಇರಲಿಲ್ಲ, ಡೋಲೂ ಇರಲಿಲ್ಲ. ಡೋಲಿನ ಸದ್ದಿಗೆ ಓಡುವ ಚಟ ನಮ್ಮದೇ, ಅದನ್ನು ಮಾಲೀಕರ ತಲೆಗೆ ಕಟ್ಟುವುದಿಲ್ಲ.

ಹೆಣ್ಣುಮಕ್ಕಳ ವಿಷಯ ಬರೆಯದಿದ್ದರೆ ನಮ್ಮ ಅಜ್ಜಿ ಬಿಡುವುದಿಲ್ಲ. 2023ರಲ್ಲಿ 901 ಕೋಟಿ ಕೊಟ್ಟು ಕಂಪನಿಯವರು ಮಹಿಳಾ ತಂಡ ಕೊಂಡರು. 2024ರ ಮಾರ್ಚ್ 17ಕ್ಕೆ ಸ್ಮೃತಿ ಮಂದಾನ ಕಪ್ ಎತ್ತಿದರು, ಶ್ರೇಯಾಂಕಾ ಪಾಟೀಲ್ ಫೈನಲ್‌ನಲ್ಲಿ ನಾಲ್ಕು ವಿಕೆಟ್ ಕಿತ್ತರು. ಗಂಡಸರು ಹದಿನಾರು ವರ್ಷದಲ್ಲಿ ತರದದ್ದು ಅವರಿಗೆ ಎರಡನೇ ವರ್ಷಕ್ಕೆ ಬಂತು. ‘ಮೊದ್ಲೇ ಇವ್ರ ಕೈಲೇ ಆಡಿಸಿದ್ರೆ ಆಗ್ತಿರ್ಲಿಲ್ವೇನ್ರೋ?’ ಅಂತ ಅಜ್ಜಿ ಕೇಳಿದ್ದಕ್ಕೆ ಜಗಲಿಯಲ್ಲಿ ಯಾರಿಂದಲೂ ಉತ್ತರ ಬರಲಿಲ್ಲ.

ಮೇವು

ಇದಕ್ಕೆ ಹಿಂಡಿ ಬೂಸಾ ಬೇಡ. ಹೆಸರು ಹಿಡಿದು ಕರೆದರೆ ಸಾಕು, ಅದೂ ಕನ್ನಡದಲ್ಲಿ. ಹಿಂದಿನ ಮಾಲೀಕರಿಗೆ ಅರ್ಥವಾಗದೇ ಹೋದದ್ದು ಇದೇ.

ಊರಿನ ಹೆಸರು ಅಧಿಕೃತವಾಗಿ ಬೆಂಗಳೂರು ಆದದ್ದು 2014ರ ನವೆಂಬರ್ 1ಕ್ಕೆ. ತಂಡ ‘ಬ್ಯಾಂಗಲೋರ್’ ಬಿಟ್ಟು ‘ಬೆಂಗಳೂರು’ ಆದದ್ದು 2024ರ ಮಾರ್ಚ್ 19ಕ್ಕೆ. ನಡುವೆ ಒಂಬತ್ತು ವರ್ಷ ನಾಲ್ಕು ತಿಂಗಳು. ಗ್ರಾಮ ಪಂಚಾಯ್ತಿಯ ಬೋರ್ಡು ಕೂಡ ಇದಕ್ಕಿಂತ ಬೇಗ ಬದಲಾಗಿತ್ತು. ಇರಲಿ, ಬದಲಾಯಿಸಿದರಲ್ಲ ಅಂತ ನಾವು ಕುಣಿದೆವು. ಅದೇ ವರ್ಷ ನವೆಂಬರ್‌ನಲ್ಲಿ, ರಾಜ್ಯೋತ್ಸವದ ಬಾವುಟ ಇನ್ನೂ ಕಂಬದ ಮೇಲಿರುವಾಗಲೇ, ತಂಡದವರು ಹಿಂದಿಯಲ್ಲೊಂದು ಖಾತೆ ತೆರೆದರು. ಎತ್ತು ಗುಟುರು ಹಾಕಿತು, ಒದೆಯಲಿಲ್ಲ. ಒದೆಯದೇ ಇರುವುದನ್ನು ಒಪ್ಪಿಗೆ ಅಂತ ಬರೆದುಕೊಳ್ಳುವ ಮ್ಯಾನೇಜರುಗಳನ್ನು ಆದಷ್ಟು ದೂರ ಇಡಿ.

ಇನ್ನು ಹುಡುಗರ ಮಾತು. 2014ರ ಜೂನ್ 1ಕ್ಕೆ ಐಪಿಎಲ್ ಫೈನಲ್ ಚಿನ್ನಸ್ವಾಮಿಯಲ್ಲಿ ನಡೆಯಿತು, ನಾವಿರಲಿಲ್ಲ. 94 ಹೊಡೆದು ಪಂದ್ಯ ಗೆಲ್ಲಿಸಿದವರು ಮನೀಶ್ ಪಾಂಡೆ. ಆ ಇಡೀ ಸೀಸನ್ನಿನಲ್ಲಿ ಎಲ್ಲರಿಗಿಂತ ಹೆಚ್ಚು ರನ್ ಹೊಡೆದವರು ರಾಬಿನ್ ಉತ್ತಪ್ಪ. ಇಬ್ಬರೂ ಕರ್ನಾಟಕದವರು, ಇಬ್ಬರೂ ಮೊದಲು ನಮ್ಮ ಕೊಟ್ಟಿಗೆಯಲ್ಲಿದ್ದವರು, ಅಂದು ಆಡಿದ್ದು ಕೋಲ್ಕತ್ತಕ್ಕೆ. ನಮ್ಮ ಹೊಲದ ರಾಗಿ ಪಕ್ಕದೂರಿನ ಕಣದಲ್ಲಿ ರಾಶಿ ಬಿದ್ದಂತೆ. 2025ರ ಏಪ್ರಿಲ್ 10ಕ್ಕೆ ಕೆ.ಎಲ್. ರಾಹುಲ್ ಡೆಲ್ಲಿಯ ಅಂಗಿ ತೊಟ್ಟು ಅದೇ ಮೈದಾನಕ್ಕೆ ಬಂದರು, 93 ಹೊಡೆದು ನಮ್ಮನ್ನು ಸೋಲಿಸಿದರು, ಬ್ಯಾಟಿನಿಂದ ನೆಲದಲ್ಲಿ ಗೆರೆ ಸುತ್ತಿ ಇದು ನನ್ನ ಜಾಗ ಅಂತ ತೋರಿಸಿದರು. ‘ಕಾಂತಾರ’ದ ನೆನಪಿನಲ್ಲಿ ಮಾಡಿದ್ದು ಅಂತ ಆಮೇಲೆ ಹೇಳಿದರು. ಎದುರಾಳಿ ಹಾಗೆ ಮಾಡಿದರೆ ಸಿಟ್ಟು ಬರಬೇಕು. ನಮ್ಮ ಜಗಲಿಯಲ್ಲಿ ಅರ್ಧ ಜನ ಚಪ್ಪಾಳೆ ತಟ್ಟಿದರು. ಈ ಎತ್ತು ಎರಡು ಕಡೆಗೂ ಎಳೆಯುವುದು ಇಂಥ ಹೊತ್ತಿನಲ್ಲಿ, ಅದನ್ನು ತುಂಟತನ ಅಂತ ಬಾರುಕೋಲು ತೆಗೆಯಬೇಡಿ.

ಪಟ್ಟಿ

ನಮ್ಮ ಸೀಮೆಯ ಈರುಳ್ಳಿ ಲಾರಿಯಲ್ಲಿ ಯಶವಂತಪುರದ ಮಂಡಿಗೆ ಹೋಗುತ್ತದೆ. ಲೋಡು ಇಳಿದ ಮೇಲೆ ಒಂದು ಪಟ್ಟಿ ಬರುತ್ತದೆ. ಇಷ್ಟು ಮೂಟೆ, ಇಷ್ಟು ತೂಕ, ಇಷ್ಟು ರೇಟು. ಕಳೆ ಹಮಾಲಿ, ಕಳೆ ಲಾರಿ ಬಾಡಿಗೆ, ಕಳೆ ಇನ್ನೊಂದು. ಎಷ್ಟೋ ಸಲ ಕಳೆದು ಕಳೆದು ಕೊನೆಗೆ ಉಳಿಯುವುದು ಬಸ್ ಚಾರ್ಜು. ಆದರೂ ಪಟ್ಟಿ ಕೊಡುತ್ತಾರೆ. ಬೈದುಕೊಳ್ಳಲಾದರೂ ಕೈಯಲ್ಲೊಂದು ಕಾಗದ ಇರುತ್ತದೆ.

ಅಭಿಮಾನಿ ಕಳಿಸುವ ಲೋಡು ಬೇರೆ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ಅದರಲ್ಲಿ ತಂಡಗಳಿಗೆ ಪಾಲಿದೆ. ಪ್ರಸಾರದವರು ಆ ದುಡ್ಡು ಕೊಟ್ಟು ಕೊಂಡದ್ದು ಏನನ್ನು? ಆಟವನ್ನು ಅನ್ನುತ್ತೀರಿ. ಜಾಹೀರಾತಿನವರನ್ನು ಕೇಳಿ ನೋಡಿ, ಅವರು ಕೊಳ್ಳುವುದು ನಮ್ಮ ಕಣ್ಣು. ಬುಕ್ಕಾಂಬುಧಿಯಲ್ಲಿ ಎಷ್ಟು ಕಣ್ಣು, ಅಜ್ಜಂಪುರದಲ್ಲಿ ಎಷ್ಟು, ಎಷ್ಟು ಹೊತ್ತು ಮುಚ್ಚದೆ ನೋಡಿದವು ಅನ್ನುವುದನ್ನು ಮೂಟೆ ಕಟ್ಟಿ ತೂಕ ಹಾಕುತ್ತಾರೆ. 2008ರಿಂದ ಪ್ರತಿ ಬೇಸಿಗೆ ಲೋಡು ಹೋಗುತ್ತಿದೆ. ಪಟ್ಟಿ ಒಂದು ಸಲವೂ ಬಂದಿಲ್ಲ.

ಪಟ್ಟಿ ಅಂದರೆ ದುಡ್ಡು ಕೊಡಿ ಅಂತಲ್ಲ. ಲೆಕ್ಕ ಹೇಳಿ ಅಂತ. ನಮ್ಮ ಕಡೆ ಹಾಲಿನ ಡೇರಿಗೆ ಷೇರು ಹಣ ಕಟ್ಟಿದವನಿಗೆ ಒಂದು ಓಟು ಇರುತ್ತದೆ. ಅಧ್ಯಕ್ಷ ಸರಿಯಿಲ್ಲ ಅನಿಸಿದರೆ ಸಭೆಯಲ್ಲಿ ಎದ್ದು ಕೂಗಬಹುದು, ಮುಂದಿನ ಚುನಾವಣೆಯಲ್ಲಿ ಇಳಿಸಬಹುದು. ಜರ್ಮನಿಯ ಫುಟ್ಬಾಲಿನಲ್ಲಿ ಹೆಚ್ಚುಕಮ್ಮಿ ಇದೇ ಡೇರಿ ಕಾನೂನು: ಕೆಲವು ಕ್ಲಬ್ಬು ಬಿಟ್ಟರೆ, ಅರ್ಧಕ್ಕಿಂತ ಹೆಚ್ಚು ಓಟು ಸದಸ್ಯರ ಕೈಯಲ್ಲೇ ಇರಬೇಕು, ಸಾಹುಕಾರ ಎಷ್ಟೇ ದುಡ್ಡು ಸುರಿಯಲಿ. ಅಮೆರಿಕದ ಗ್ರೀನ್ ಬೇ ಅನ್ನುವ, ಶಿವಮೊಗ್ಗಕ್ಕಿಂತ ಚಿಕ್ಕ ಊರಿನ ತಂಡಕ್ಕೆ ಐದು ಲಕ್ಷಕ್ಕೂ ಹೆಚ್ಚು ಷೇರುದಾರರು, ಯಾರಿಗೂ ಲಾಭಾಂಶ ಇಲ್ಲ, ತಂಡವನ್ನು ಬೇರೆ ಊರಿಗೆ ಹೊಡೆದುಕೊಂಡು ಹೋಗಲೂ ಯಾರಿಗೂ ಆಗದು. 2021ರ ಏಪ್ರಿಲ್‌ನಲ್ಲಿ ಯುರೋಪಿನ ಹನ್ನೆರಡು ದೊಡ್ಡ ಕ್ಲಬ್ಬುಗಳ ಮಾಲೀಕರು ಸೇರಿ ತಮ್ಮದೇ ಸೂಪರ್ ಲೀಗ್ ಅಂತ ಘೋಷಿಸಿದರು. ಜನ ಬೀದಿಗಿಳಿದರು, ಎರಡೇ ದಿನದಲ್ಲಿ ಆರು ಇಂಗ್ಲಿಷ್ ಕ್ಲಬ್ಬುಗಳೂ ಹಿಂದೆ ಸರಿದವು. ನಾವು ಬೀದಿಗಿಳಿಯುವುದು ಗೆದ್ದಾಗ ಮಾತ್ರ. (ಡೇರಿಯ ಮಾತು ಬಂತು ಅಂತ ಹೇಳುತ್ತೇನೆ: 2024ರ ಟಿ20 ವಿಶ್ವಕಪ್‌ನಲ್ಲಿ ನಮ್ಮ ನಂದಿನಿಯವರು ಸ್ಕಾಟ್ಲೆಂಡ್, ಐರ್ಲೆಂಡ್ ತಂಡಗಳ ಪ್ರಾಯೋಜಕರಾಗಿದ್ದರು. ನಾನು ಕರೆದು ಹಾಕಿದ ಹಾಲಿನ ಹೆಸರು ಸ್ಕಾಟ್ಲೆಂಡಿನವರ ಅಂಗಿಯ ಮೇಲೆ ಬಂತು. ಯಾರೂ ನನ್ನನ್ನು ಕೇಳಿರಲಿಲ್ಲ, ಆದರೂ ಎರಡು ದಿನ ಬೀಗಿದೆ.)

ಸಣ್ಣಪುಟ್ಟ ತೊಂದರೆ

ಟಿಕೆಟ್ ಸಿಗಲಿಲ್ಲ ಅಂತ ಎತ್ತು ಮೇವು ಬಿಟ್ಟರೆ: ಎರಡು ದಿನದಲ್ಲಿ ಸರಿಹೋಗುತ್ತದೆ. ನನ್ನ ತಂಗಿಯ ಮಗ ಒಮ್ಮೆ ಬೆಳಿಗ್ಗೆಯಿಂದ ಮೊಬೈಲು ಕೆಳಗಿಡದೆ ಸಾಲಿನಲ್ಲಿ ನಿಂತ. ಯಾವ ಜಾಲತಾಣ ಅನ್ನುವುದು ಬೇಡ. ಅವನ ಸರದಿ ಬರುವಷ್ಟರಲ್ಲಿ ಉಳಿದಿದ್ದ ಟಿಕೆಟ್ಟಿನ ಬೆಲೆಗೆ ನಮ್ಮನೆಯ ಒಂದು ತಿಂಗಳ ದಿನಸಿ ಬರುತ್ತಿತ್ತು. ಫೋನು ಮಂಚದ ಮೇಲೆ ಎಸೆದು, ಸಂಜೆ ಅದೇ ಫೋನಿನಲ್ಲಿ ಪಂದ್ಯ ನೋಡಿದ.

ಆಟಗಾರನನ್ನು ಕೈಬಿಟ್ಟಿದ್ದಕ್ಕೆ ಬೈದರೆ: ಬೈಯಲಿ. ಬೈಗುಳ ನಿಂತ ದಿನ ಪಶುವೈದ್ಯರನ್ನು ಕರೆಸಿ.

ಗೇಟು

2025ರ ಜೂನ್ 3, ಅಹಮದಾಬಾದ್, ಐಪಿಎಲ್ ಫೈನಲ್. ನಮ್ಮದು 190, ಪಂಜಾಬಿನದು 184. 2009ರಲ್ಲಿ ಯಾವ ಆರು ರನ್ನಿನಿಂದ ಸೋತಿದ್ದೆವೋ ಅದೇ ಆರು ರನ್ನಿನಿಂದ ಗೆದ್ದೆವು. ನಮ್ಮೂರಲ್ಲಿ ಮಧ್ಯರಾತ್ರಿಗೆ ಪಟಾಕಿ ಹೊಡೆದ ಸದ್ದಿಗೆ ಎದುರು ಮನೆಯ ನಿಜವಾದ ಎತ್ತು ಹಗ್ಗ ಕಿತ್ತುಕೊಂಡು ಹೋಗಿ ಬೆಳಿಗ್ಗೆ ಕೆರೆ ಏರಿಯ ಮೇಲೆ ಸಿಕ್ಕಿತು.

ಮಾರನೇ ದಿನ ಬೆಳಿಗ್ಗೆ ಏಳಕ್ಕೇ ತಂಡದ ಖಾತೆಯಿಂದ ಕರೆಯೋಲೆ ಹೊರಟಿತ್ತು ಅಂತ ಸರ್ಕಾರ ಹೈಕೋರ್ಟಿಗೆ ಕೊಟ್ಟ ವರದಿಯಲ್ಲಿದೆ. ವಿಧಾನಸೌಧದಿಂದ ಚಿನ್ನಸ್ವಾಮಿಗೆ ವಿಜಯಯಾತ್ರೆ, ಎಲ್ಲರೂ ಬನ್ನಿ. ಪಾಸು ಬೇಕು ಅನ್ನುವ ಮಾತು ಬಂದದ್ದು ಮಧ್ಯಾಹ್ನ ಮೂರು ಗಂಟೆ ದಾಟಿದ ಮೇಲೆ. ಅಷ್ಟೊತ್ತಿಗೆ ಜನ ಗೇಟಿನ ಮುಂದೆ ಇದ್ದರು. ಕ್ರೀಡಾಂಗಣದಲ್ಲಿ ಹಿಡಿಸುವುದು ಮೂವತ್ತೈದು ಸಾವಿರದ ಆಸುಪಾಸು, ಸೇರಿದವರು ಲಕ್ಷಗಟ್ಟಲೆ. ಪೀಣ್ಯದಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗನೂ ಹೊರಟಿದ್ದ. ಕಬ್ಬನ್ ಪಾರ್ಕಿನಲ್ಲಿ ಮೆಟ್ರೋ ನಿಲ್ಲಿಸಲಿಲ್ಲ, ಮುಂದೆ ಇಳಿದು ವಾಪಸ್ ಹೋದ. ಅವನಮ್ಮ ಇಲ್ಲಿಂದ ಫೋನು ಮಾಡಿ ಮಾಡಿ ಸೋತಿದ್ದಳು. ರಾತ್ರಿ ಎಂಟಕ್ಕೆ ಲೈನು ಸಿಕ್ಕಿತು.

ಗೇಟಿನ ಬಳಿ ಹನ್ನೊಂದು ಜನ ಸತ್ತರು. ಎಲ್ಲರೂ ಎಳೆಯರು, ಒಬ್ಬಳು ಇನ್ನೂ ಶಾಲೆಗೆ ಹೋಗುವ ಹುಡುಗಿ. ಐವತ್ತಕ್ಕೂ ಹೆಚ್ಚು ಜನಕ್ಕೆ ಗಾಯವಾಯಿತು. ಹೊರಗೆ ಹಾಗಾಗುತ್ತಿರುವಾಗ ಒಳಗೆ ಸನ್ಮಾನ ನಡೆಯಿತು.

ಯಾರ ತಪ್ಪು ಅಂತ ಸರ್ಕಾರ ತಂಡವನ್ನು ತೋರಿಸಿತು, ತಂಡ ಬೇರೆಯವರನ್ನು ತೋರಿಸಿತು. ಹಿಂದಿನ ರಾತ್ರಿ ಕುಣಿದ ಊರನ್ನು ಬೆಳಗಾಗುವಷ್ಟರಲ್ಲಿ ಕಾಯಲಾಗದ ಪೊಲೀಸ್ ಅಧಿಕಾರಿಗಳು ಅಮಾನತಾದರು. ಮೂರರಿಂದ ಐದು ಲಕ್ಷ ಜನ ಸೇರಲು ಮೇಲ್ನೋಟಕ್ಕೆ ಆರ್‌ಸಿಬಿಯೇ ಹೊಣೆ, ಪೊಲೀಸರು ದೇವರೂ ಅಲ್ಲ ಮಂತ್ರವಾದಿಗಳೂ ಅಲ್ಲ ಅಂತ ಕೇಂದ್ರೀಯ ಆಡಳಿತ ನ್ಯಾಯಮಂಡಳಿ ಜುಲೈನಲ್ಲಿ ಹೇಳಿತು. ತಂಡ ಮೊದಲು ಹತ್ತು ಲಕ್ಷ ಅಂದಿತ್ತು. ಸುಮಾರು ಮೂರು ತಿಂಗಳು ಖಾತೆಯಲ್ಲಿ ಮೌನವಿದ್ದು, ಆಗಸ್ಟ್ ಕೊನೆಗೆ ತಲಾ ಇಪ್ಪತ್ತೈದು ಲಕ್ಷ ಕೊಡುವುದಾಗಿ ತಿಳಿಸಿತು. ಬೆಂಗಳೂರಿನಲ್ಲಿ ನಡೆಯಬೇಕಿದ್ದ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ನವಿ ಮುಂಬೈಗೆ ಹೋದವು.

ಎತ್ತುಗಳನ್ನು ಜಾತ್ರೆಗೆ ಕರೆಯುವವರು ನೀರಿನ ತೊಟ್ಟಿ ಎಲ್ಲಿ, ನೆರಳು ಎಲ್ಲಿ, ಹಗ್ಗ ಕಟ್ಟುವ ಗೂಟ ಎಷ್ಟು ಅಂತ ತಿಂಗಳ ಮುಂಚೆ ನೋಡಿಕೊಳ್ಳುತ್ತಾರೆ. ದನ ಬೆದರಿದರೆ ಓಡಲು ಒಂದು ಕಡೆ ಬಯಲು ಬಿಟ್ಟಿರುತ್ತಾರೆ. ಇದಕ್ಕೆ ಇಂಗ್ಲಿಷ್ ಓದಿದ ಯಾರೂ ಬೇಕಾಗಿಲ್ಲ.

ಕೈ ಬದಲಾಯಿಸುವಾಗ

ಮಾಲೀಕರೇ, ಇಷ್ಟು ಓದಿದ್ದೀರಿ ಅಂದರೆ ನೀವು ಕೊಳ್ಳುವವರೇ ಇರಬೇಕು, ಮಾರುವವರಿಗೆ ಇಷ್ಟು ಪುರುಸೊತ್ತಿರುವುದಿಲ್ಲ. ತಂಡ ನಿಮ್ಮದು, ತಕರಾರಿಲ್ಲ. ಬಣ್ಣ ಬದಲಾಯಿಸಿ, ನಾಯಕನನ್ನು ಬದಲಾಯಿಸಿ, ಬೇಕಾದರೆ ಇನ್ನು ಹದಿನೆಂಟು ವರ್ಷ ಸೋಲಿ; ಏಪ್ರಿಲ್ ಬಂದರೆ ನಾವು ಜಗಲಿಯಲ್ಲಿ ಇರುತ್ತೇವೆ. ಮೋಟರು ಬಂದ್ ಇರುತ್ತದೆ.

ಆದರೆ ಒಪ್ಪಂದದ ಕಾಗದದಲ್ಲಿ, ಲಾಂಛನ, ಅಂಗಿ, ಅಂಕಿ ಎಲ್ಲ ಬರೆದಾದ ಮೇಲೆ, ಕೆಳಗೆ ಎರಡು ಸಾಲು ಜಾಗ ಉಳಿಸಿ. ಗೆದ್ದರೂ ಸೋತರೂ ಜನರನ್ನು ಕರೆಯುವ ಮುಂಚೆ ಎಷ್ಟು ಗೇಟು, ಯಾವುದು ತೆರೆದಿದೆ, ಎಷ್ಟು ಜನಕ್ಕೆ ಜಾಗ ಅಂತ ಕನ್ನಡದಲ್ಲಿ ಹಿಂದಿನ ದಿನವೇ ತಿಳಿಸುತ್ತೇವೆ ಅಂತ ಒಂದು ಸಾಲು. ವರ್ಷಕ್ಕೊಂದು ಸಲ ಅಭಿಮಾನಿಗಳ ಸಭೆ ಕರೆದು, ಮೈಕು ಅವರ ಕೈಗೆ ಕೊಟ್ಟು, ಕೇಳಿದ್ದಕ್ಕೆ ಎದ್ದು ನಿಂತು ಉತ್ತರ ಹೇಳುತ್ತೇವೆ ಅಂತ ಇನ್ನೊಂದು. ಬೆಂಗಳೂರಿನಲ್ಲೇ ಕರೆಯಬೇಕು ಅಂತೇನಿಲ್ಲ. ಕಡೂರು, ತರೀಕೆರೆ ಎಲ್ಲಿಯಾದರೂ ಆದೀತು. ಬುಕ್ಕಾಂಬುಧಿಗೇ ಬಂದರೆ ಕೆರೆ ಏರಿಯ ಕೆಳಗೆ ನೆರಳಿದೆ, ಊಟಕ್ಕೆ ರಾಗಿ ಮುದ್ದೆ, ನಮ್ಮ ಹೊಲದ ಈರುಳ್ಳಿ.

ಬರುವಾಗ ಹೊಸ ಹಗ್ಗ ತನ್ನಿ. ಹಳೇದನ್ನು ನಾವು ಬಿಚ್ಚಿ ಇಟ್ಟುಕೊಂಡಿದ್ದೇವೆ.